ಕಾಳಿಗೆ ಇಳಿದ ಕಾಕು

ಇಳಕಲ್ ಸೀರೆಯ ಅಂಚಿನ ಕೆಳಗೆ ಗಂಡನ ಮಿಲ್ಲಿನ ಬೂಟು. ಮೂತಿ ಉಬ್ಬಿದ, ಒಳಗೆ ಕಬ್ಬಿಣದ ತಗಡು ಕೂಡಿಸಿದ ಕರಿ ಬೂಟು. ಅಳತೆ ದೊಡ್ಡದಾಗಿ ಕಾಲು ಜಾರುತ್ತದೆಂದು ತುದಿಗೆ ಹಳೆಯ ಬನಿಯನ್ ತುರುಕಿರುತ್ತಿದ್ದರು. ಪಕ್ಕದ ಮನೆಯ ಕಾಕು ನೆನಪಾದಾಗ ಮುಖಕ್ಕಿಂತ ಮೊದಲು ಈ ಬೂಟೇ ನನ್ನ ಕಣ್ಣೆದುರು ಬರುತ್ತದೆ. ಅದು ಕರಿಯದಲ್ಲ, ಕಂದು ಬಣ್ಣದ್ದು ಎಂದು ನನ್ನಕ್ಕ ಈಗಲೂ ಜಗಳ ತೆಗೆಯುತ್ತಾಳೆ. ಇದ್ದರೂ ಇದ್ದೀತು. ಯಾರು ಏನು ಹೇಳಿದರೂ ಆಧಾರ ಕೇಳುವ ಚಟವನ್ನು ವಿಶ್ವವಿದ್ಯಾಲಯ ನನಗೆ ಅಂಟಿಸಿತು. ಆ ಚಟ ಕೊನೆಗೆ ನನ್ನ ನೆನಪಿನ ಬೆನ್ನಿಗೇ ಬಿತ್ತು.

ಬಂಗೂರನಗರದ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನಾಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ, ಶನಿವಾರ ಸಂಜೆ ಮನೆಗೆ ಬರುತ್ತಿದ್ದೆ. ಅವರ ಗಂಡ ಕಾಕಾನಿಗೆ ಭಾನುವಾರವೆಂದರೆ ನಿದ್ದೆ. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋಗಿದ್ದರು. ನನ್ನ ಬಳಿ ಸ್ಕೂಟರಿತ್ತು. ಬೆಳಕು ಹರಿಯುವಷ್ಟರಲ್ಲಿ ಕಾಕು ಲಟ್ಟಣಿಗೆಯಿಂದ ಗೋಡೆ ಬಡಿಯುತ್ತಿದ್ದರು.

"ಎದ್ದೀಯೇನೋ ಪ್ರೊಫೆಸರಾ? ರೊಟ್ಟಿ ಕಟ್ಟೇನಿ. ಹೋಗೂಣು ನಡಿ."

ಹೀಗೆ ನೋಡಿದ ಜಾಗಗಳೆಷ್ಟೋ. ಸಿಂಥೇರಿಯ ದೊಡ್ಡ ಬಂಡೆಯ ಕೆಳಗೆ ನಿಂತು ತಲೆ ಎತ್ತಿ, ಸೆರಗು ಜಾರಿದರೂ ಗೊತ್ತಾಗದಂತೆ ಜೇನುಗೂಡು ನೋಡುತ್ತಿದ್ದರು. ಕೋಗಿಲಬನದ ಹತ್ತಿರ ನಮ್ಮ ತಲೆಯ ಮೇಲೆ ಮಂಗಟ್ಟೆ ಹಕ್ಕಿ ಹಾರಿಹೋದಾಗ, "ಗಂಜಿ ಹಾಕಿದ ಸೀರಿ ಝಾಡಿಸಿದಂಗ ಸಪ್ಪಳ ಆತು ನೋಡು!" ಎಂದು ನನ್ನ ಬೆನ್ನಿಗೆ ಗುದ್ದಿದರು. ಸ್ಕೂಟರು ರಸ್ತೆ ಬಿಟ್ಟಿತು. ಕವಳಾ ಗುಹೆಯಲ್ಲಿ ಮಂಡಿಯೂರಿ ತೆವಳುತ್ತ, ಒಳಗಿನ ಲಿಂಗವು ಸುಣ್ಣದ ನೀರು ತೊಟ್ಟಿಕ್ಕಿ ಗಟ್ಟಿಯಾದದ್ದೆಂದು ನಾನು ವಿವರಿಸತೊಡಗಿದೆ.

"ಆತೇಳು, ನಿನ್ನ ಸುಣ್ಣಕ್ಕ ಕೈ ಮುಗೀತೇನಿ. ನೀ ಮೊದಲ ಮುಂದ ಸರಿ, ಹಿಂದ ಮಂದಿ ನಿಂತಾರ."

ಅವರದೊಂದು ನಿಯಮವಿತ್ತು. ಎಲ್ಲಿ ಹೋದರೂ ಅಲ್ಲೇ ಕೂತು ಡಬ್ಬಿ ಬಿಚ್ಚಿ ಉಣ್ಣಬೇಕು. ಉಣ್ಣದೆ ಬಂದರೆ ಆ ಜಾಗ ನೋಡಿದ ಲೆಕ್ಕಕ್ಕಿಲ್ಲ. ಮಳೆ ಬಂತೆಂದು ಒಮ್ಮೆ ಉಳವಿಯಿಂದ ಊಟ ಮಾಡದೆ ಹಿಂತಿರುಗಿದ್ದಕ್ಕೆ ಮುಂದಿನ ವಾರ ಮತ್ತೆ ಅಷ್ಟು ದೂರ ಓಡಿಸಿದ್ದರು.

ನೋಡದೆ ಉಳಿದದ್ದು ಒಂದೇ: ಗಣೇಶಗುಡಿಯಲ್ಲಿ ರಬ್ಬರ್ ದೋಣಿ ಹತ್ತಿ ಕಾಳಿ ನದಿಯ ಸೆಳವಿನಲ್ಲಿ ಇಳಿಯುವುದು. ನಾಳೆ ನಾಳೆ ಎನ್ನುತ್ತಲೇ ಕಾಕಾನ ನಿವೃತ್ತಿ ಬಂತು. ಕ್ವಾರ್ಟರ್ಸ್ ಬಿಟ್ಟು ಧಾರವಾಡದ ಆಚೆಯ ತಮ್ಮ ಹಳ್ಳಿಗೆ ಹೋಗಬೇಕಿತ್ತು. ಸೋಮವಾರ ಲಾರಿ ಬರುವುದು ನಿಕ್ಕಿಯಾಯಿತು. ಕಾಕುವಿಗೆ ಉಳಿದದ್ದು ಭಾನುವಾರವೊಂದೇ.

"ಈ ವಯಸ್ಸಿನ್ಯಾಗ ಹೊಳ್ಯಾಗ ಬೀಳಾಕ ಹೊಂಟೀಯೇನು?" ಎಂದು ಕಾಕಾ ಕೂಗಾಡುವುದು ಗೋಡೆಯಾಚೆಯಿಂದ ಕೇಳಿಸಿತು.

"ಇಷ್ಟ ವರ್ಷ ಮೂರೂ ಪಾಳಿಗೆ ನಿಮ್ಮ ಡಬ್ಬಿ ಕಟ್ಟೇನಿ. ಇದೊಂದ ದಿನ ನೀವ ನನ್ನ ಡಬ್ಬಿ ಕಟ್ರಿ."

ಮುಂಜಾನೆ ಕಾಕು ಹೊರಬಂದಾಗ ನಾನು ಸ್ಕೂಟರ್ ಹಿಡಿದುಕೊಂಡೇ ನಕ್ಕೆ. ಸೀರೆ ಉಟ್ಟವರನ್ನು ದೋಣಿಗೆ ಹತ್ತಿಸುವುದಿಲ್ಲವೆಂದು ಯಾರೋ ಹೇಳಿದ್ದರಂತೆ. ಗಂಡನ ಖಾಕಿ ಪ್ಯಾಂಟು, ಖಾಕಿ ಅಂಗಿ, ಅದೇ ಬೂಟು. ಕೈಯಲ್ಲಿ ಡಬ್ಬಿ. ಬಾಗಿಲಲ್ಲಿ ಕಾಕಾ ಮುಖ ಗಂಟಿಕ್ಕಿ ನಿಂತಿದ್ದರು. ಬೆರಳಿಗೆ ಅರಿಶಿಣ ಹತ್ತಿತ್ತು.

ಗಣೇಶಗುಡಿಯ ದಂಡೆಯಲ್ಲಿ ದೋಣಿ ನಡೆಸುವಾತ, ಜೋಯಿಡಾ ಕಡೆಯ ದಪ್ಪ ಮೀಸೆಯವನು, ನೋಡಿದವನೇ ಕೇಳಿದ:

"ಕಾಕೂ, ಡ್ಯೂಟಿಗೆ ಹೊಂಟೀರೇನ್ರಿ?"

"ಹೌದಪಾ, ಫಸ್ಟ್ ಶಿಫ್ಟ್. ಎಲ್ಲೈತಿ ನಿನ್ನ ಮಷೀನು?"

"ಮಷೀನ ಐತ್ರಿ, ನೀರ ಇಲ್ರಿ."

ನದಿಯಲ್ಲಿ ಬರೀ ಬಂಡೆಗಳು. ಮೇಲೆ ಸೂಪಾ ಅಣೆಕಟ್ಟಿನಲ್ಲಿ ವಿದ್ಯುತ್ ತಯಾರಾದರಷ್ಟೇ ನೀರು ಹೊರಬಂದು ಕೆಳಗೆ ಸೆಳವು ಏಳುತ್ತದೆ. ಅವತ್ತು ಯಂತ್ರ ತಿರುಗಿರಲಿಲ್ಲ. ಬಿಡುತ್ತಾರೋ ಇಲ್ಲವೋ ಹೇಳಲಾಗದು ಎಂದ ಮೀಸೆಯವನು. ಕಾದು ಬೇಸತ್ತ ಪುಣೆಯ ಗುಂಪೊಂದು ಜೀಪು ಹತ್ತಿ ಹೋಯಿತು. ಬಿಸಿಲೇರಿತು. ಕಾಕು ಬಂಡೆಯ ಮೇಲೆ ಡಬ್ಬಿ ಅಪ್ಪಿಕೊಂಡು ಕೂತೇ ಇದ್ದರು.

ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದರು.

"ನಿಮ್ಮ ಮನ್ಯಾಗ ಫ್ಯಾನ್ ಹಚ್ಚಿ ಬಂದೀಯೇನು?"

"ಇಲ್ಲ, ಆರಿಸಿ ಬಂದೇನಿ."

"ಯಾಕ ಆರಿಸಿದ್ಯೋ ಶಾಣ್ಯಾ! ನಿಮ್ಮಕ್ಕಗ ಫೋನ್ ಮಾಡು. ಎಲ್ಲಾ ಫ್ಯಾನ್ ಹಚ್ಚಾಕ ಹೇಳು, ಮಿಕ್ಸಿ ಹಚ್ಚಾಕ ಹೇಳು. ಮಂದಿಗೆ ಕರೆಂಟ್ ಬೇಕಾದ್ರ ತಾನ ನೀರ ಬಿಡೂದು?"

ನಾಡಿನ ವಿದ್ಯುತ್ ಜಾಲ ಎಷ್ಟು ದೊಡ್ಡದು, ಅದರಲ್ಲಿ ನಮ್ಮನೆಯ ಫ್ಯಾನು ಯಾವ ಮೂಲೆಗೆ ಎಂದು ತಿಳಿಹೇಳಿದೆ. ಕಾಕು ಕೇಳಿಸಿಕೊಂಡು, "ಮೊದಲ ಫೋನ್ ಮಾಡು, ಆಮ್ಯಾಲ ಪಾಠ ಹೇಳು" ಎಂದರು. ಮಾಡಿದೆ. ಅಕ್ಕ ನಗುತ್ತ ಫ್ಯಾನು, ಮಿಕ್ಸಿ, ಇಸ್ತ್ರಿ ಎಲ್ಲ ಹಚ್ಚಿದಳು. ತಾನು ಹಚ್ಚಿದ್ದು ಫ್ಯಾನು ಮಾತ್ರ ಎನ್ನುತ್ತಾಳೆ ಈಗ.

ನೀರು ಬಂತು!

ಮೊದಲು ಬಂಡೆಗಳ ಸಂದಿಯಲ್ಲಿ ಗುಸುಗುಸು, ಆಮೇಲೆ ನೊರೆ, ಆಮೇಲೆ ಮಾತು ಕೇಳಿಸದಷ್ಟು ಭೋರ್ಗರೆತ. ಎರಡಕ್ಕೂ ಸಂಬಂಧವಿಲ್ಲವೆಂದು ನನಗೆ ಗೊತ್ತು. ಆದರೂ ಮೈಮೇಲಿನ ಕೂದಲು ನೆಟ್ಟಗಾದದ್ದು ಸುಳ್ಳಲ್ಲ. "ಬಂತೋ! ಬಂತೋ!" ಎಂದು ಕಾಕು ಕುಣಿಯುತ್ತಿದ್ದರು. ಬೂಟು ಹಾಕಿಕೊಂಡು ಬಿದ್ದರೆ ಸೀದಾ ತಳಕ್ಕೇ ಎಂದು ಮೀಸೆಯವನು ಅದನ್ನು ಬಿಚ್ಚಿಸಿದ. ಕಾಕು ಬಿಚ್ಚಿ ಪಕ್ಕದ ಬಂಡೆಯ ಮೇಲಿಟ್ಟರು. ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯುವಷ್ಟರಲ್ಲಿ ಆ ಬಂಡೆಯ ಮೇಲೂ ನೀರೇರಿತ್ತು. ಒಂದನ್ನು ನಾನು ಹಿಡಿದೆ. ಇನ್ನೊಂದು ನೊರೆಯಲ್ಲಿ ಉರುಳುತ್ತ ಹೋಗಿ ಕಣ್ಮರೆಯಾಯಿತು.

"ನನಕಿಂತ ಮೊದಲ ಅವರ ಬೂಟ ಹೋತಲ್ಲೋ!" ಎಂದು ಕಾಕು ಹೊಟ್ಟೆ ಹಿಡಿದುಕೊಂಡು ನಕ್ಕರು.

ದೋಣಿ ಮೊದಲ ಸೆಳವಿಗೆ ಧುಮುಕಿದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ, ಹಾಗಾಗಿ ಸಾಕ್ಷಿ ನನ್ನ ಕಿವಿ ಮಾತ್ರ. "ಸಾವಕಾಶ ನಮ್ಮವ್ವಾ, ಸಾವಕಾಶ!" ಎಂದು ಅವರು ಹೊಳೆಗೆ ಗದರುತ್ತಿದ್ದರು. ಸೆಳವು ದಾಟಿದ ಮರುಕ್ಷಣವೇ, "ಏ ಅಣ್ಣಾ, ಇಂಥಾದ್ದು ಇನ್ನೂ ಅದಾವೇನು?" ಎಂದು ಕೇಳಿದರು.

ಒದ್ದೆ ಖಾಕಿಯಲ್ಲೇ ದಂಡೆಯ ಮೇಲೆ ಕೂತು ಡಬ್ಬಿ ಬಿಚ್ಚಿದೆವು. ಕಾಕಾ ಮಾಡಿದ ಒಗ್ಗರಣೆ ಅವಲಕ್ಕಿ. ಒಂದು ತುತ್ತಿಗೇ ನಾಲಿಗೆ ಸುಟ್ಟಂತಾಯಿತು.

"ಉಪ್ಪಿನ ಡಬ್ಬೀನ ಸುರಿದಾರ ಪುಣ್ಯಾತ್ಮ. ತಿನ್ನೋ, ತಿಂದ್ರ ಅಷ್ಟ ನೋಡಿದಂಗ." ಒಂದು ಕಾಳೂ ಬಿಡದೆ ತಿಂದು ಮುಗಿಸಿದರು.

ಹಳ್ಳಿಗೆ ಹೋದ ಮೇಲೂ ಮಳೆಗಾಲ ಮುಗಿಯುತ್ತಲೇ ಫೋನು ಬರುತ್ತಿತ್ತು. "ನೀರ ಬಿಟ್ಟಾರೇನೋ?" ಕಳೆದ ವರ್ಷ ಬರಲಿಲ್ಲ. ಕಾಕು ತೀರಿಕೊಂಡ ಸುದ್ದಿ ಬಂತು.

ಹೋದೆ. ಅಂಗಳದ ತುಳಸಿಯ ಪಕ್ಕದ ಕಟ್ಟೆಯ ಮೇಲೆ ಒಂಟಿ ಬೂಟೊಂದಿತ್ತು. ಕಂದು ಬಣ್ಣದ್ದು. ನಾನು ಅದನ್ನೇ ನೋಡುತ್ತ ನಿಂತದ್ದು ಕಂಡು ಕಾಕಾ ಪಕ್ಕಕ್ಕೆ ಬಂದರು.

"ಒಗೀತೇನಿ ಅಂದ್ರ ಬಿಡಲಿಲ್ಲಪಾ ಆಕಿ. ಜೋಡು ಪೂರಾ ಐತಿ, ಒಂದ ಇಲ್ಲೈತಿ, ಒಂದ ಕಾಳ್ಯಾಗ ಐತಿ ಅಂತಿದ್ಲು."

ಆರಾಮವಾಗಿ ಕೂತು ಓದಬಹುದಾಗಿದ್ದ ಎಷ್ಟೋ ಭಾನುವಾರ ಇವತ್ತಿಗೂ ನಾನು ಡಬ್ಬಿ ಕಟ್ಟಿಕೊಂಡು ಕಾಡಿನ ದಾರಿ ಹಿಡಿಯುವುದು ಆ ಬೂಟಿನ ಸಪ್ಪಳದ ಹಿಂದೆ.

ಕಾಕಾ ಬೂಟಿನ ಮೇಲಿನ ಧೂಳು ಒರೆಸಿದರು. ಅದರೊಳಗೆ ಕೈ ಹಾಕಿ ಬನಿಯನ್ ಚಿಂದಿ ಮುಟ್ಟಿ ನೋಡಿದರು.

"ಈ ಐತವಾರ ನೀರ ಬಿಡ್ತಾರೇನು?"

"ಹೇಳಾಕ ಬರೂದಿಲ್ಲ ಕಾಕಾ. ಒಮ್ಮೊಮ್ಮೆ ಬಿಡೂದಿಲ್ಲ."

"ಹಂಗಾದ್ರ," ಎಂದರು ಕಾಕಾ, "ನಿಮ್ಮಕ್ಕಗ ಈಗ ಹೇಳಿಡು. ಫ್ಯಾನ್ ಹಚ್ಚಲಿ."