ವೈಜಿನಾಥನ ಬಲಗೈ

ಹಲಬರ್ಗಾದ ಹಬೀಬ ಹತ್ತಿ ಹಿಂಜುವವನು. ಮೂವತ್ತು ವರ್ಷ ಬಿಲ್ಲು ಬಾರಿಸಿ ಬಾರಿಸಿ, ಭುಜದೊಳಗೆ ಎಲ್ಲಿ ಏನು ಹಿಡಿಯುತ್ತದೆ, ಹೇಗೆ ಬಿಡುತ್ತದೆ ಎಂಬುದು ಅವನಿಗೆ ತನ್ನ ಮೈಯಿಂದಲೇ ಗೊತ್ತಾಗಿತ್ತು. ವಯಸ್ಸಾದವರ ಬಿಗಿದ ತೋಳುಗಳನ್ನು ಪುಕ್ಕಟೆ ಸಡಿಲಿಸಿಕೊಡುತ್ತಿದ್ದ. ಅದೊಂದು ಹುಚ್ಚು ಅವನಿಗೆ.

ಬೇಳೆ ವ್ಯಾಪಾರಿ ವೈಜಿನಾಥನಿಗೆ ಐವತ್ತು ತುಂಬುವ ಹೊತ್ತಿಗೆ ಬಲತೋಳು ಕಿವಿಯ ಮಟ್ಟಕ್ಕೂ ಏಳದಾಯಿತು. ತಲೆಯ ರುಮಾಲನ್ನು ಹೆಂಡತಿ ಈರಮ್ಮ ಸುತ್ತಬೇಕು. ಭಾಲ್ಕಿ ಸಂತೆಯಲ್ಲಿ ಅದು ಬಿಚ್ಚಿತೋ, ಮಾನ ಹೋಯಿತು. ಹಬೀಬ ಬಿಸಿ ಕುಸುಬಿ ಎಣ್ಣೆ ಹಚ್ಚಿ ಅವನನ್ನು ಅವನದೇ ಪಡಸಾಲೆಯ ಗೋಡೆಗೆ ಮುಖ ಮಾಡಿ ನಿಲ್ಲಿಸಿದ.

"ಎಳೀಬ್ಯಾಡ್ರಿ ಸಾವಕಾರ್ರ. ಬೆರಳು ಗೋಡಿ ಮ್ಯಾಲ ಇರುವಿ ನಡದಂಗ ನಡಸ್ರಿ. ನೋವು ಬಂದಲ್ಲಿ ನಿಂದ್ರಿ, ಉಸರು ಬಿಡ್ರಿ."

ಬೆರಳು ಮುಟ್ಟಿದಲ್ಲಿ ದಿನಾ ಒಂದು ಇದ್ದಿಲಿನ ಗೆರೆ. ಎರಡು ತಿಂಗಳಲ್ಲಿ ಗೆರೆಗಳು ರುಮಾಲಿನ ಗೂಟ ದಾಟಿದವು. ಕೊನೆಯ ಒಂದು ಗೇಣಿನಲ್ಲಿ ಮಾತ್ರ ತೋಳು ಹಟ ಹಿಡಿಯಿತು. ಅದೂ ಬಿಟ್ಟರೆ ಕಣ್ತುಂಬ ನೋಡಬೇಕೆಂದು ಹಬೀಬನಿಗೆ ಆಸೆ.

ಅಷ್ಟರಲ್ಲಿ ಭಾರತದ ಫೌಜು ಬಂತು, ನಿಜಾಮನ ಆಳಿಕೆ ಬಿತ್ತು. ರಜಾಕಾರರ ಮೇಲಿನ ಸಿಟ್ಟನ್ನು ಕೈಗೆ ಸಿಕ್ಕ ಮುಸಲ್ಮಾನರ ಮೇಲೆ ತೀರಿಸಿಕೊಳ್ಳುವ ಗುಂಪುಗಳು ಊರೂರು ತಿರುಗತೊಡಗಿದವು. ಹಬೀಬ ರಜಾಕಾರರಿಗೆ ಒಂದು ಗಾದಿಯನ್ನೂ ಹೊಲಿದವನಲ್ಲ, ಕೇಳುವವರು ಯಾರು? ಈರಮ್ಮ ಅವನನ್ನು ತಮ್ಮ ಮನೆಯ ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದಳು. ವೈಜಿನಾಥ ಕೊರಳಿನ ಲಿಂಗ ಹಿಡಿದು ಆಣೆ ಮಾಡಿದ: "ಜೀವ ಹೋದ್ರೂ ಬಾಯಿ ಬಿಡಂಗಿಲ್ಲ, ಹಬೀಬ."

ಗುಂಪು ಬಂತು. ಪಡಸಾಲೆ, ಅಡುಗೆಮನೆ, ಹಿತ್ತಲು ಎಲ್ಲ ಜಾಲಾಡಿ, ನೀರು ಕುಡಿದು ಹೊರಟೂಬಿಟ್ಟಿತ್ತು. ಹೊಸ್ತಿಲಲ್ಲಿ ಒಬ್ಬ ತಿರುಗಿ ನಿಂತ.

"ನಾಳಿ ಅಂವ ಇಲ್ಲೇ ಸಿಕ್ಕಾ ಅಂದ್ರ ನಿನ್ನ ಮನಿಗೂ ಬೆಂಕಿ ಇಡ್ತೇವಿ."

ವೈಜಿನಾಥ ಬಾಯಿ ಬಿಡಲಿಲ್ಲ. ಬಲಗೈ ಎತ್ತಿದ.

ಅಟ್ಟದ ಹಲಗೆಯ ಸಂದಿನಿಂದ ಹಬೀಬ ನೋಡುತ್ತಿದ್ದ. ಆ ಕೈ ಕಿವಿ ದಾಟಿತು, ಗೋಡೆಯ ಕೊನೆಯ ಗೆರೆಯ ಮಟ್ಟ ದಾಟಿತು, ಉಳಿದಿದ್ದ ಗೇಣನ್ನೂ ಮೀರಿ ನೆಟ್ಟಗೆ ಅವನ ಕಡೆಗೇ ಬಂತು. ರೂಢಿಬಿದ್ದ ಕಣ್ಣು ಮೊದಲು ಭುಜವನ್ನೇ ನೋಡಿತು. ಎಲ್ಲೂ ಹಿಡಿದಿರಲಿಲ್ಲ. ಒಂದು ಗಳಿಗೆ, ಆ ಹುಚ್ಚನಿಗೆ ಖುಷಿಯಾಯಿತು. ಆಮೇಲೆ ಯಾರೋ ಏಣಿ ತಂದಿಟ್ಟರು.

ವೈಜಿನಾಥ ಮುಂದೆ ಇಪ್ಪತ್ತು ವರ್ಷ ರುಮಾಲು ತಾನೇ ಸುತ್ತಿಕೊಂಡ. "ನಾ ಬಾಯಿ ಬಿಟ್ಟಿಲ್ರಿ" ಎಂದು ಕೇಳದವರಿಗೂ ಹೇಳುತ್ತಿದ್ದ. ಆಣೆ ಉಳಿಸಿಕೊಂಡ ಪುಣ್ಯಾತ್ಮ! ಈರಮ್ಮ ಮಾತ್ರ ಪ್ರತಿ ವರ್ಷ ಮನೆಗೆಲ್ಲ ಸುಣ್ಣ ಬಳಿಸಿದರೂ ಆ ಗೆರೆಗಳ ಗೋಡೆಯನ್ನು ಮುಟ್ಟಗೊಡಲಿಲ್ಲ.