ಬಲಗಡೆ ಕೇಳಿದ ಸದ್ದು

ಬೆಳಗಿನ ಆರು ಗಂಟೆ. ಶೆಡ್ಡಿನ ಬಾಗಿಲು ಇನ್ನೂ ಅರ್ಧವಷ್ಟೇ ಮೇಲೆದ್ದಿದೆ. ಒಳಗೆ ಹೊಸ ಜೀಪಿನ ಬಾನೆಟ್ ತೆರೆದು, ಕೈಯಲ್ಲಿ ಮೊಳದುದ್ದದ ಸ್ಕ್ರೂಡ್ರೈವರ್ ಹಿಡಿದು ಒಬ್ಬರು ಕಾಯುತ್ತಿದ್ದಾರೆ. "ಸ್ಟಾರ್ಟ್ ಮಾಡೇ" ಎಂದು ಮಗಳಿಗೆ ಎರಡು ಸಲ ಹೇಳಿ, ಕೊನೆಗೆ ತಾವೇ ಬಗ್ಗಿ ಬಟನ್ ಒತ್ತುತ್ತಾರೆ. ಜೀಪಿನ ದೀಪಗಳೆಲ್ಲ ಆರುತ್ತವೆ.

"ಅಯ್ಯೋ ಅಪ್ಪಾ, ಸ್ಟಾರ್ಟ್ ಆಗಿದ್ದ ಗಾಡೀನ ಆಫ್ ಮಾಡಿಬಿಟ್ಯಲ್ಲ!"

ಇವರನ್ನು ಎಲ್ಲರೂ ಕರೆಯುವುದು ಕಿವಿ ಮೇಸ್ತ್ರಿ ಎಂದು. ಸ್ಕ್ರೂಡ್ರೈವರ್‌ನ ತುದಿಯನ್ನು ಇಂಜಿನ್‌ಗೆ, ಹಿಡಿಯನ್ನು ಕಿವಿಗೆ ಆನಿಸಿ ಕಾಯಿಲೆ ಹೇಳುವುದು ಇವರ ಪದ್ಧತಿ. ನಲವತ್ತೊಂದು ವರ್ಷದಿಂದ, ದಿನಕ್ಕೆ ನಾಲ್ಕೈದು ಗಾಡಿ. ಬಾಗಿಲೇ ಇಲ್ಲದ, ಕ್ಯಾನ್ವಾಸ್ ಹೊದಿಕೆಯ ಮೊದಲ ಜೀಪನ್ನು ಅಪ್ಪನ ಜೊತೆ ಬಿಚ್ಚಿದವರು. "ಅದು ಬರೋದು ಎರಡು ಬೀದಿ ಆಚೆಯಿಂದಲೇ ಗೊತ್ತಾಗ್ತಿತ್ತು. ಆಮೇಲಿನ ಡೀಸೆಲ್ ಜೀಪೂ ಗೊಣಗ್ತಿತ್ತು. ಇದು ನೋಡಿ, ಬ್ಯಾಟರಿ ಗಾಡಿ, ಹೊಸ ಅಳಿಯನ ಹಾಗೆ ಬಾಯೇ ಬಿಡಲ್ಲ. ಇದಕ್ಕೆ ಬಾಯಿಲ್ವೋ, ನನಗೇ ಕಿವಿ ಹೋಯ್ತೋ, ಒಂದೂ ತಿಳೀತಿಲ್ಲಮ್ಮ" ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದಿರುವ ನನಗೆ.

ಗುಡ್ಡದ ಮೇಲಿನ ಆಸ್ಪತ್ರೆಯ ಜೀಪಿದು. ಇಳಿಜಾರಿನಲ್ಲಿ ಎಲ್ಲೋ ಸದ್ದು ಎಂದು ಚಾಲಕ ಬಿಟ್ಟುಹೋಗಿದ್ದಾನೆ. ಒಂಬತ್ತಕ್ಕೆ ನರ್ಸನ್ನು ಕರೆದುಕೊಂಡು ಮತ್ತೆ ಗುಡ್ಡ ಹತ್ತಬೇಕು. ಮಗಳು ಸ್ಕ್ಯಾನರ್ ಸಿಕ್ಕಿಸಿ ನೋಡಿದ್ದಾಳೆ. ದೋಷವಿಲ್ಲ ಎನ್ನುತ್ತದೆ ಪರದೆ.

"ಇವತ್ತು ನನಗೂ ಕೇಳದಿದ್ರೆ ಈ ಸ್ಕ್ರೂಡ್ರೈವರ್ ಮೊಳೆಗೆ ನೇತುಹಾಕ್ತೀನಿ" ಎನ್ನುತ್ತಾರೆ ಮೇಸ್ತ್ರಿ. ಮಗಳ ನಗು ನಿಲ್ಲುತ್ತದೆ.

ಮೂವರೂ ಇಳಿಜಾರಿಗೆ ಹೋಗುತ್ತೇವೆ. ಮಗಳದು ಸ್ಟಿಯರಿಂಗ್, ನನ್ನದು ಅವಳ ಪಕ್ಕದ ಸೀಟು, ಮೇಸ್ತ್ರಿ ಹಿಂದಿನ ಸೀಟಿನ ನಟ್ಟನಡುವೆ, ಕಣ್ಣುಮುಚ್ಚಿ. ನನಗೆ ಏನೋ ಕೇಳಿದಂತಾಗುತ್ತದೆ, ಮರುಕ್ಷಣ ಇಲ್ಲವೆನಿಸುತ್ತದೆ. ಮೇಸ್ತ್ರಿ ನನ್ನನ್ನು ಕೇಳಿದರೆ ಏನು ಹೇಳಲಿ ಎಂದು ಕಿಟಕಿಯ ಕಡೆ ತಿರುಗುತ್ತೇನೆ.

"ಹಿಂದಿನ ಚಕ್ರ. ಬಲಗಡೆ. ಬೇರಿಂಗು" ಎನ್ನುತ್ತಾರೆ.

ಶೆಡ್ಡಿಗೆ ಬಂದು ಬಲಗಡೆಯ ಚಕ್ರ ಬಿಚ್ಚಿದರೆ ಬೇರಿಂಗ್ ಕನ್ನಡಿಯ ಹಾಗೆ ನುಣ್ಣಗಿದೆ. ಮೇಸ್ತ್ರಿ ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಒರೆಸತೊಡಗುತ್ತಾರೆ, ಒರೆಸುತ್ತಲೇ ಇರುತ್ತಾರೆ. ಮಗಳು ಜಾಕ್ ಎಳೆದುಕೊಂಡು ಎಡಗಡೆಗೆ ಹೋಗುತ್ತಾಳೆ. ಹತ್ತು ನಿಮಿಷಕ್ಕೆ ಅಂಗೈ ಚಾಚುತ್ತಾಳೆ. ಸಿಡುಬಿನ ಕಲೆಯಂತೆ ಗುಳಿಬಿದ್ದ ಬೇರಿಂಗ್.

"ಸದ್ದು ಇತ್ತಪ್ಪ. ನಿನಗೊಬ್ಬನಿಗೇ ಕೇಳಿದ್ದು."

ಮೇಸ್ತ್ರಿ ತಮ್ಮ ಎಡಗಿವಿಯ ಬಳಿ ಚಿಟಿಕೆ ಹೊಡೆದುಕೊಳ್ಳುತ್ತಾರೆ. ಆಮೇಲೆ ಬಲಗಿವಿಯ ಬಳಿ. ಮತ್ತೆ ಎಡಗಿವಿಯ ಬಳಿ, ಇನ್ನೂ ಜೋರಾಗಿ; ಆದರೂ ಆ ಕಿವಿಗೆ ಮುಟ್ಟಿದಂತೆ ಕಾಣುವುದಿಲ್ಲ. ಸಂತೋಷಪಡಬೇಕೋ ಬೇಸರಪಡಬೇಕೋ ಅವರಿಗೂ ತಿಳಿದಂತಿಲ್ಲ, ನನಗೂ ಇಲ್ಲ. ಸ್ಕ್ರೂಡ್ರೈವರ್ ಮೊಳೆಗೆ ಹೋಗುವುದಿಲ್ಲ, ಎಂದಿನ ಡಬ್ಬಕ್ಕೇ ಹೋಗುತ್ತದೆ.

"ಇನ್ಮೇಲೆ ಗಾಡೀಲಿ ಕೂತು ನಾನು ಬಲಗಡೆ ಅಂದ್ರೆ," ಎನ್ನುತ್ತಾರೆ ಮಗಳಿಗೆ, "ನೀನು ಮೊದಲು ಎಡಗಡೆ ಬಿಚ್ಚಮ್ಮ."