ಆಗದ ಮದ್ದು

ಕಳೆದ ವಾರ ಹಳೆಯ ಟೂಲ್ ಪೆಟ್ಟಿಗೆಯನ್ನು ಒಪ್ಪ ಮಾಡಲು ಕೂತಾಗ ತಳದಲ್ಲಿ ಗೇಣುದ್ದದ ಒಂದು ನೀಲಿ ಕೇಬಲ್ ತುಂಡು ಸಿಕ್ಕಿತು. ನಡುವೆ ಕಪ್ಪು ಟೇಪು ಸುತ್ತಿದ ದಪ್ಪ ಗಂಟು. ಟೇಪಿನ ತುದಿ ಬಿಡಿಸಿದರೆ ಅಂಟಿನ ಹಳೆಯ ವಾಸನೆ ಇನ್ನೂ ಇತ್ತು. ಅದರ ಹಿಂದೆಯೇ ಬಂಟ್ವಾಳದ ಆ ಆಸ್ಪತ್ರೆ, ಅದರ ಅಟ್ಟ, ಕೌಂಟರಿನ ಅಕ್ಕ...

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಮೂಡಬಿದ್ರೆಯ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ನೇತ್ರಾವತಿಗೆ ಬೆನ್ನು ಹಾಕಿ ನಿಂತ ಆ ಸಣ್ಣ ಆಸ್ಪತ್ರೆಯಿಂದ ಕರೆ ಬಂದದ್ದು ಮಳೆಗಾಲದಲ್ಲಿ. ಕೌಂಟರು, ಡಾಕ್ಟರರ ಕೋಣೆ, ಮದ್ದಿನ ಕಿಂಡಿ, ಎಲ್ಲ ಕಡೆಯ ಕಂಪ್ಯೂಟರುಗಳೂ ರೋಗಿಗಳ ವಿವರವೆಲ್ಲ ಇದ್ದ ಒಂದೇ ಸರ್ವರಿಗೆ ಜೋಡಿಸಿದಂಥವು. ರೋಗಿಯ ನಂಬರು ಒತ್ತಿದರೆ ಹೆಸರು ಪರದೆಗೆ ಬರುವಷ್ಟರಲ್ಲಿ ಸಾಲಿನಲ್ಲಿದ್ದವರು ಕೂರಲು ಜಾಗ ಹುಡುಕುತ್ತಿದ್ದರು.

ಮ್ಯಾನೇಜರು ನನ್ನನ್ನು ಬದಿಗೆ ಕರೆದರು. "ನಿಧಾನ ಮೆಷಿನಾ, ಆ ಹೆಂಗಸಾ ಅಂತ ನೋಡಿ ಹೇಳಿ. ಮೆಷಿನ್ ಸರಿ ಉಂಟಾದ್ರೆ ನಾನು ಕೌಂಟರಿಗೆ ಬೇರೆ ಜನ ಹಾಕ್ತೇನೆ."

ಆ ಹೆಂಗಸು ಎಂದರೆ ಅಕ್ಕ. ಐವತ್ತು ದಾಟಿದವರು, ಹರೆಯದಿಂದಲೂ ಅದೇ ಕುರ್ಚಿಯಲ್ಲಿ ಕೂತವರು. ನಾನು ಹತ್ತಿರ ಹೋದದ್ದೇ ತಡ, "ನನ್ನ ಹತ್ರ ಹೇಳ್ಬೇಕಾದ್ದನ್ನು ನಿನ್ನ ಹತ್ರ ಹೇಳಿದ್ರಾ ಮಾರಾಯ?" ಎಂದು ನಕ್ಕರು. ನಗು ಕಣ್ಣಿನವರೆಗೆ ಹೋಗಲಿಲ್ಲ.

ನಾನು ಒಂದೊಂದೇ ಕಂಪ್ಯೂಟರ್ ನೋಡಿದೆ, ಅವುಗಳ ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆಯನ್ನು ಬದಲಿಸಿದೆ, ಏನೂ ಸಿಗಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಕಂಪ್ಯೂಟರುಗಳು ಬ್ಯಾಟರಿಯ ಮೇಲೆ ನಡೆಯುತ್ತಿದ್ದವು. "ಈಗ ನೋಡು, ಓಡ್ತದೆ. ಕರೆಂಟ್ ಹೋದ್ರೆ ಇದಕ್ಕೆ ಖುಷಿ" ಎಂದರು ಅಕ್ಕ. ನಿಜಕ್ಕೂ ಹೆಸರು ತಟ್ಟನೆ ಬಂತು! ಅದು ಅಲ್ಲಿಯವರ ದಿನನಿತ್ಯದ ತಮಾಷೆಯಂತೆ. ನಾನೂ ನಕ್ಕೆ. ಆಮೇಲೆ ತಲೆಗೆ ಹೊಳೆಯಿತು, ಕರೆಂಟ್ ಹೋದಾಗ ಆರುವುದು ಟ್ಯೂಬ್‌ಲೈಟ್ ಅಲ್ಲವೇ? ಕೇಬಲ್ಲಿನ ಜಾಡು ಹಿಡಿದು ಹೊರಟವನು ಅಟ್ಟದ ಏಣಿ ಹತ್ತಿದೆ.

ಸರ್ವರ್ ಅಟ್ಟದ ಮೇಲೆ, ಹಲಗೆಯ ಮೇಲೆ ದೇವರ ಹಾಗೆ ಕೂತಿತ್ತು. ಬಂಟ್ವಾಳ ಪೇಟೆಯವರಿಗೆ ಇದು ವಿಚಿತ್ರವಲ್ಲ. ಮಳೆ ಹಿಡಿಯುವ ಮೊದಲು, ನೆರೆಗೆ ಹೆದರಿ, ಬೇಕಾದ್ದನ್ನೆಲ್ಲ ಮೇಲೆ ಹಾಕುವುದು ಅಲ್ಲಿನ ರೂಢಿ. ಅಕ್ಕ ಹಟ ಹಿಡಿದು ಏರಿಸಿದ್ದರು. ಕೇಬಲ್ ಸಾಲದ್ದಕ್ಕೆ ಮನೆಗಳ ವಯರಿಂಗ್ ಮಾಡುವವರೊಬ್ಬರು ಇನ್ನೊಂದು ತುಂಡನ್ನು ತಿರುಚಿ ಸೇರಿಸಿ, ಟೇಪು ಸುತ್ತಿ, ಟ್ಯೂಬ್‌ಲೈಟಿನ ಚೋಕಿಗೆ ಒತ್ತಿಕೊಂಡಂತೆ ಕಟ್ಟಿಬಿಟ್ಟಿದ್ದರು. ದೀಪದ ವಯರಿಗಾದರೆ ಅದು ಸಾಕು. ಇಲ್ಲಿ ಮಾತ್ರ, ದೀಪ ಉರಿದಾಗಲೆಲ್ಲ ಸರ್ವರಿನ ಮಾತು ದಾರಿಯಲ್ಲಿ ಕೆಟ್ಟು, ಅದು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಬೇಕಾಗುತ್ತಿತ್ತು.

"ಈ ಸರ್ವರನ್ನು ಕೆಳಗೆ ಇಳಿಸುವ ಅಕ್ಕ, ನಿಮ್ಮ ಹತ್ತಿರವೇ ಇಡುವ" ಎಂದೆ.

"ಅದೊಂದು ಮಾತ್ರ ಬೇಡ." ಅವರ ಸ್ವರ ಬದಲಾಗಿತ್ತು.

ಕಾಗದದ ಕಾರ್ಡುಗಳ ಕಾಲದಲ್ಲಿ ಒಮ್ಮೆ ನೆರೆ ಬಂದು ಕೆಳಗಿನ ಕಪಾಟುಗಳನ್ನು ತೊಳೆದುಕೊಂಡು ಹೋಗಿತ್ತಂತೆ. ಅದಾದ ಮೇಲೆ ಫರಂಗಿಪೇಟೆ ಕಡೆಯ ಒಬ್ಬ ಬ್ಯಾರಿ ಹೆಂಗಸು ಜ್ವರವೆಂದು ಬಂದರು. ನೆರೆಗೆ ಹೋದ ಕಾರ್ಡಿನಲ್ಲಿ, ಅವರ ಮೈಗೆ ಆಗದ ಮದ್ದಿನ ಹೆಸರನ್ನು ಅಕ್ಕನೇ ಕೆಂಪು ಶಾಯಿಯಲ್ಲಿ ಬರೆದಿದ್ದರು. ಹೊಸ ಕಾರ್ಡು ಖಾಲಿ. ಅದೇ ಇಂಜೆಕ್ಷನ್ ಕೊಟ್ಟರು... ಅವರು ಉಳಿಯಲಿಲ್ಲ.

"ನನ್ನನ್ನು ನೋಡಿ ನಗಾಡಿ ಒಳಗೆ ಹೋದದ್ದು. ನಾನೂ ನಗಾಡಿದ್ದು. ಕೇಳ್ಲೇ ಇಲ್ಲ" ಎಂದರು ಅಕ್ಕ.

ಅಂದಿನಿಂದ ಅವರು ಬಂದವರನ್ನೆಲ್ಲ ಕೇಳುತ್ತಿದ್ದರು. ತುಳುವಿನಲ್ಲಿ, ಬ್ಯಾರಿ ಭಾಷೆಯಲ್ಲಿ, ಕನ್ನಡದಲ್ಲಿ: "ನಿಮಗೆ ಆಗದ ಮದ್ದು ಯಾವುದಾದ್ರೂ ಉಂಟಾ?" ನಿನ್ನೆ ಬಂದವರನ್ನು ಇವತ್ತೂ ಕೇಳುವುದು. ಹೆಸರು ಪರದೆಗೆ ಬರುವವರೆಗೆ ಹೇಗೂ ಕಾಯಬೇಕಲ್ಲ, ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ನಾನು ಸರ್ವರನ್ನು ಅಟ್ಟದಲ್ಲೇ ಬಿಟ್ಟೆ. ಹಳೆಯ ಕೇಬಲ್ಲಿನ ಗಂಟನ್ನು ಕತ್ತರಿಸಿ ಟೂಲ್ ಪೆಟ್ಟಿಗೆಗೆ ಹಾಕಿಕೊಂಡು, ಇನ್ನೊಂದು ಗೋಡೆಯ ಮೇಲಿಂದ ಗಂಟಿಲ್ಲದ ಹೊಸ ಕೇಬಲ್ ಎಳೆದೆ. ಟ್ಯೂಬ್‌ಲೈಟ್ ಉರಿಯುತ್ತಿರುವಾಗಲೇ ಹೆಸರು ತಟ್ಟನೆ ಬಂತು. "ಮೆಷಿನಿನದ್ದೇ ತಪ್ಪು ಸಾರ್" ಎಂದು ಮ್ಯಾನೇಜರಿಗೆ ಗಟ್ಟಿಯಾಗಿ ಹೇಳಿದೆ. ಅಕ್ಕನ ಕುರ್ಚಿ ಉಳಿಯಿತೆಂದು ಒಳಗೊಳಗೇ ಬೀಗುತ್ತಿದ್ದೆ. ಅಕ್ಕ ಮಾತ್ರ ಪರದೆಯನ್ನೇ ನೋಡುತ್ತಾ, "ಇನ್ನು ನನಗೆ ನೆವ ಇಲ್ಲ ನೋಡು" ಎಂದರು. ತಮಾಷೆ ಎಂದುಕೊಂಡೆ.

ಮುಂದಿನ ಸಲ ಹೋದಾಗ ಅರ್ಥವಾಯಿತು. ಹೆಸರು ಕೂಡಲೇ ಬರುತ್ತಿತ್ತು, ಅಕ್ಕ ಕೇಳುವುದನ್ನು ಬಿಟ್ಟಿರಲಿಲ್ಲ. ಸಾಲು ಮೊದಲಿನಷ್ಟೇ ಉದ್ದ. ಈಗ ನಿಧಾನ ಯಾರದೆಂದು ಎಲ್ಲರಿಗೂ ಕಾಣುತ್ತಿತ್ತು. ಕೇಳುವುದನ್ನು ನಿಲ್ಲಿಸಿದ್ದರೆ ಕುರ್ಚಿ ಉಳಿಯುತ್ತಿತ್ತು.

ಮಳೆ ಬಿಟ್ಟ ಮೇಲೆ ಹೋದಾಗ ಅಲ್ಲಿ ಬೇರೊಬ್ಬಳು ಚುರುಕಿನ ಹುಡುಗಿ ಕೂತಿದ್ದಳು. ಅಕ್ಕ ಹಿಂದಿನ ಕೋಣೆಯಲ್ಲಿ ಹಾಸಿಗೆಯ ಬಟ್ಟೆ ಮಡಚುತ್ತಿದ್ದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು.

"ಅದು ಅಟ್ಟದಲ್ಲೇ ಉಂಟಲ್ಲ?"

"ಉಂಟು ಅಕ್ಕ."

"ಹಾಗಾದ್ರೆ ಸಾಕು" ಎಂದು ಬಟ್ಟೆಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಮಡಚಿದೆವು.

ಆಮೇಲೆ ನಾನು ಅಂಗಡಿ ಬಿಟ್ಟೆ. ಆ ಆಸ್ಪತ್ರೆಯೂ ಮುಚ್ಚಿತು. ಅಕ್ಕ ತೀರಿಕೊಂಡದ್ದು ನನಗೆ ಗೊತ್ತಾಗುವಾಗ ವರ್ಷ ಕಳೆದಿತ್ತು...

ಕೇಬಲ್ ತುಂಡು ಸಿಕ್ಕಿದ ಮರುದಿನ ಅಮ್ಮನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಕೌಂಟರಿನವಳು ನಂಬರು ಒತ್ತಿ ಬೆರಳು ತೆಗೆಯುವ ಮೊದಲೇ ಹೆಸರು ಬಂತು, ಚೀಟಿಯೂ ಬಂತು. ಅಮ್ಮನಿಗೆ ಆಗದ ಮದ್ದು ಒಂದುಂಟು. ನಾನು ಚೀಟಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. "ಆಯ್ತಲ್ಲ ಸಾರ್, ಇನ್ನೆಂತ ಬೇಕು?" ಎಂದಳು ಅವಳು.

ಕೇಳಲಿ ಎಂದು ಕಾಯುತ್ತಿದ್ದೆ ಎಂದು ಅವಳಿಗೆ ಹೇಗೆ ಹೇಳಲಿ? ಅಕ್ಕ ಇಲ್ಲ ಎನ್ನುವುದು ನನಗೆ ನಿಜವಾಗಿ ತಿಳಿದದ್ದು ಆ ಕಿಂಡಿಯ ಮುಂದೆ. ಬಗ್ಗಿ, ಮದ್ದಿನ ಹೆಸರನ್ನು ನಾನೇ ಹೇಳಿದೆ.